ಹತ್ತನೆಯ ದಿನ ಬರುವವಳು

ನೆರೆಯ ಅದೇಲಾಳ ಗಂಡ ತೀರಿಕೊಂಡಿದ್ದ. ಶವ ಇನ್ನೂ ಮನೆಯಲ್ಲೇ ಇತ್ತು. ನೋಡಿಕೊಂಡು ಹೊರಟ ನಾವು ನಾಲ್ಕೈದು ಜನ ದಾರಿಯಲ್ಲಿ ಆಂಬೋ ಅಜ್ಜನ ಮನೆ ಹೊಕ್ಕೆವು. ಸಾಮಾರ್ ದ್ವೀಪದ ನಮ್ಮ ಕಡಲೂರಿನಲ್ಲಿ ಸಾವಿನ ಮನೆಯಿಂದ ಯಾರೂ ನೇರ ತಮ್ಮ ಮನೆಗೆ ಹೋಗುವುದಿಲ್ಲ. ಸತ್ತವರು ಬೆನ್ನು ಹತ್ತಿ ಬರುತ್ತಾರೆ, ನಡುವೆ ಎಲ್ಲಾದರೂ ಕೂತು ಅವರನ್ನು ಕಳಚಿಕೊಳ್ಳಬೇಕು. ಮಳೆ ತಗಡಿನ ಮಾಡಿಗೆ ಒಂದೇ ಸಮನೆ ಹೊಡೆಯುತ್ತಿತ್ತು. ದೋಣಿ ಕಟ್ಟಿ ಕಟ್ಟಿ ಬೆನ್ನು ಬಾಗಿದ ಅಜ್ಜ ನಮ್ಮನ್ನು ನೋಡಿ ನಕ್ಕ.

"ಬನ್ನಿ ಬನ್ನಿ, ದೆವ್ವ ಕೊಡವಿಕೊಳ್ಳೋಕೆ ನನ್ನ ಚಾಪೆನೇ ಆಗ್ಬೇಕಾ ನಿಮ್ಗೆ? ಕೂತ್ಕೊಳ್ಳಿ. ಮಳೆ ಬೇಗ ಬಿಡೋ ಹಾಗೆ ಕಾಣಲ್ಲ... ಒಂದು ಮಾತು ಹೇಳ್ತೀನಿ, ಕೇಳಿ.

"ಪಾಸಿಂಗ್ ಅಜ್ಜಿ ಅಂತ ಒಬ್ಳಿದ್ಲು ಈ ಊರಲ್ಲಿ. ಆಗಿನ್ನೂ ನೀವ್ಯಾರೂ ಹುಟ್ಟಿರ್ಲಿಲ್ಲ ಬಿಡಿ. ಬಾಯಿ ಅಂದ್ರೆ ಬಾಯಿ... ಕೂಗಿದ್ರೆ ಆಚೆ ದಡದ ನಾಯಿ ಬೊಗಳ್ಬೇಕು. ಆದ್ರೆ ಸಾವಿನ ಮನೆ ಹೊಕ್ಕರೆ ತುಟಿಪಿಟಕ್ ಅನ್ನೋಳಲ್ಲ. ಮತ್ತೆ ಅಲ್ಲಿಂದ ನೇರ ತನ್ನ ಮನೆಗೇ ಹೋಗೋಳು. ಹಾಗೆ ಮಾಡಬೇಡ ಕಣಜ್ಜಿ ಅಂದ್ರೆ, 'ಸತ್ತೋನು ಹಿಂದೆ ಬಂದ್ರೆ ಬರ್ಲಿ ಬಿಡ್ರೋ, ಒಂದು ಲೋಟ ಕಾಫಿ ಕುಡಿದು ಹೋಗ್ತಾನೆ. ಬದುಕಿದ್ದಾಗ ಬರ್ತಿರ್ಲಿಲ್ವಾ?' ಅನ್ನೋಳು. ಅಂಥ ಎದೆ ಯಾರಿಗಿದೆ ಹೇಳಿ?

"ನನ್ನ ಮಗ ನೆಸ್ತೋರ್ ಕಡಲಿಗೆ ಹೋದೋನು ಹೆಣವಾಗಿ ಬಂದ. ನನ್ನ ಹೆಂಡ್ತಿ ಮೊದ್ಲೇ ಹೋಗಿದ್ಲು, ಇದ್ದೋನು ಅವನೊಬ್ಬನೇ. ಒಂಬತ್ತು ದಿನ ಪ್ರಾರ್ಥನೆ, ಮನೆ ತುಂಬ ಜನ, ಕಾಫಿ, ರಾತ್ರಿ ಜಾಗರಣೆಗೆ ಇಸ್ಪೀಟು... 'ದೇವರಿಗೆ ಬೇಕಾದೋನು, ಕರ್ಕೊಂಡ' ಅಂದ್ರು, 'ಧೈರ್ಯ ತಗೋ, ಕಾಲ ಎಲ್ಲ ಮರೆಸುತ್ತೆ' ಅಂದ್ರು. ಮರೀಬೇಕು ಅಂತ ಯಾರಿಗಿತ್ತು? ಹತ್ತನೇ ದಿನ ಎಲ್ರೂ ಅವರವರ ಬಲೆ, ಅವರವರ ಒಲೆ ಅಂತ ಹೊರಟ್ರು. ಅವರ ತಪ್ಪಲ್ಲ. ನಾನು ಮಾತ್ರ ಅನ್ನ ಬಿಟ್ಟೆ. ಮಗನ ಹಿಂದೆನೇ ಹೋಗ್ಬೇಕು ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಗೋಡೆ ಕಡೆ ಮುಖ ಹಾಕಿ ಮಲಗಿಬಿಟ್ಟೆ.

"ಅವತ್ತೇ ಮಧ್ಯಾಹ್ನ ಬಂದ್ಲು ನೋಡಿ ಪಾಸಿಂಗ್ ಅಜ್ಜಿ. ಏಳು ಅನ್ಲಿಲ್ಲ, ಅಳಬೇಡ ಅನ್ಲಿಲ್ಲ. ಶುಂಠಿ ಜಜ್ಜಿ ಹಾಕಿ ಗಂಜಿ ಕಾಯ್ಸಿ, ಪಕ್ಕದಲ್ಲಿಟ್ಟು ಕೂತ್ಲು. ಸಂಜೆಯಾದ್ರೂ ಅವಳು ಏಳ್ಲಿಲ್ಲ. ಕೊನೆಗೆ ನಾನೇ ರೇಗಿ, 'ಮನೆಗೆ ಹೋಗೇ ಮುದುಕಿ' ಅಂದೆ. 'ನೀನು ಉಣ್ಣು, ಹೋಗ್ತೀನಿ' ಅಂದ್ಲು. ಅವಳ ಕಾಟ ತಪ್ಲಿ ಅಂತ ಉಂಡೆ. ಮಾರನೇ ದಿನ ಮತ್ತೆ ಬಂದ್ಲು. ಅದರ ಮಾರನೇ ದಿನಾನೂ. ಒಂದಿನ, 'ನಿನ್ನ ನೆಸ್ತೋರ್ ಚಿಕ್ಕೋನಿದ್ದಾಗ ನನ್ನ ಕೋಳಿ ಕದ್ದಿದ್ದ, ಗೊತ್ತಾ?' ಅಂದ್ಲು. ಅವನ ಹೆಸರೆತ್ತೋಕೆ ಊರೆಲ್ಲ ಹೆದರ್ತಿತ್ತು... ಅವಳೊಬ್ಳೇ ಎತ್ತಿದ್ಲು. ನಾನು ನಕ್ಕೆ, ನಗ್ತಾ ನಗ್ತಾ ಅತ್ತೆ, ಎದೆ ಹಗುರಾಯ್ತು.

"ಸಾವಾದ ಮನೆಯೋರು ಬಂದೋರನ್ನ ಬಾಗಿಲ ತನಕ ಹೋಗಿ ಕಳಿಸಬಾರ್ದು ಅಂತ ಇದೆಯಲ್ಲ, ಅದಕ್ಕೇ ನಾನೆಂದೂ ಅವಳ ಹಿಂದೆ ಎದ್ದಿರ್ಲಿಲ್ಲ. ಅವತ್ತು ಮನಸ್ಸು ತಡೀಲಿಲ್ಲ, ಹೋದೆ. ಅಂಗಳದಲ್ಲಿ ಯಾರೂ ಇಲ್ಲ. ಬೇಲಿ ಆಚೆ ಮೀನು ಒಣಗಿಸ್ತಿದ್ದ ಮೆರ್ಲಿ, 'ಯಾರನ್ನ ಹುಡುಕ್ತಿದ್ದೀ ಅಣ್ಣಾ?' ಅಂದ್ಲು. ಪಾಸಿಂಗ್ ಅಜ್ಜಿನ ಅಂದೆ. ಅವಳ ಕೈ ನಿಂತೋಯ್ತು. 'ಅಣ್ಣಾ... ನಿನ್ಗೆ ಹೇಳ್ಲಿಲ್ಲ ನಾವು, ಒಂದು ದುಃಖದ ಮೇಲೆ ಇನ್ನೊಂದು ಯಾಕೆ ಅಂತ. ನೆಸ್ತೋರನ ಪ್ರಾರ್ಥನೆ ನಡೀತಿತ್ತಲ್ಲ, ಆಗಲೇ ಅಜ್ಜಿನ ಮಣ್ಣು ಮಾಡಿದ್ವಿ.'"

ನಮ್ಮಲ್ಲಿ ಯಾರೋ "ಆಮೇಲೆ?" ಎಂದರು.

"ಆಮೇಲೇನು, ನನ್ನ ಹತ್ರ ಮತ್ತೆ ಬರ್ಲಿಲ್ಲ. ಭಯ ಅಲ್ಲ, ನನಗೆ ಹೊಟ್ಟೆಕಿಚ್ಚಾಯ್ತು... ಈಗ ಯಾರ ಮನೆಗೆ ಹೋದ್ಲೋ ಅಂತ. ಸತ್ತ ಮೇಲೂ ಬಂದು ಗಂಜಿ ಕಾಯ್ಸೋ ಜೀವ ಎಲ್ಲಿ ಸಿಗುತ್ತೆ? ಹೋದ ವರ್ಷ ಬೆರ್ತೋ ಹೆಂಡ್ತಿ ಸತ್ತಾಗ ಹತ್ತನೇ ದಿನ ಯಾರೂ ಹೋಗ್ಲಿಲ್ಲ. ನಾನು ಕೋಲೂರ್ಕೊಂಡು ತಡವಾಗಿ ಹೋದೆ. ಬೆರ್ತೋಗೆ ಎದ್ದು ಕೂರೋ ತ್ರಾಣ ಇರ್ಲಿಲ್ಲ, ಮನೇಲಿ ಬೇರೆ ನರಪಿಳ್ಳೆ ಇರ್ಲಿಲ್ಲ... ಒಲೆ ಮೇಲೆ ಗಂಜಿ ಕುದೀತಿತ್ತು.

"ಅದಕ್ಕೇ ಹೇಳ್ತಿದ್ದೀನಿ. ಪ್ರಾರ್ಥನೆ ಮುಗಿದ ಮೇಲೆ ಅದೇಲಾ ಮನೆ ಖಾಲಿಯಾಗುತ್ತೆ. ನಿಮ್ಮಲ್ಲಿ ಯಾರಾದ್ರೂ ಹೋಗಿ ಅವಳ ಪಕ್ಕ ಕೂತ್ಕೊಳ್ಳಿ. ನೀವು ಹೋಗ್ದಿದ್ರೆ ಹೋಗೋಳು ಇದ್ದಾಳೆ... ಆದ್ರೆ ಅವಳ ಗೋರಿ ಗುಡ್ಡದ ಮೇಲಿದೆ ನೋಡಿ. ಪಾಪ, ಆ ಮುದುಕಿನ ಅಷ್ಟು ದೂರ ನಡೆಸಬೇಡಿ."