ನಾಲ್ಕು ಸ್ಪೀಕರ್ ಬದಲಾದ ದೂರಿನ ಬಗ್ಗೆ ಎರಡನೇ ಹೇಳಿಕೆ

ನಾನು, ಬೀದಿಯವರೆಲ್ಲ ಗುಡುಗಣ್ಣ ಎಂದು ಕರೆಯುವವನು (ದಾಖಲೆಯ ಹೆಸರು ಕೊನೆಯ ಸಹಿಯಲ್ಲಿದೆ), ವಯಸ್ಸು 58 ವರ್ಷ, ಕಸುಬು ಹಗಲು ಲೇತ್ ಕೆಲಸ, ಸಂಜೆ ಗಿಟಾರ್, ವಾಸ ಹಳೆಯ ಬಸ್ ಡಿಪೋ ಹಿಂದಿನ ಎರಡನೇ ಅಡ್ಡರಸ್ತೆ, ಬಡಗಿ ಅಂಗಡಿಯ ಮೇಲಿನ ಮನೆ. ನಿನ್ನೆ ಗುರುವಾರ ಇದೇ ಠಾಣೆಯಲ್ಲಿ ಕೊಟ್ಟ ಕಳ್ಳತನದ ದೂರಿನ ಬಗ್ಗೆ ಇಂದು ನಾನಾಗಿಯೇ ಬಂದು, ಯಾರ ಒತ್ತಾಯವೂ ಇಲ್ಲದೆ ಬರೆಸುವುದೇನೆಂದರೆ:

ನಮ್ಮದೊಂದು ಹಾರ್ಡ್ ರಾಕ್ ಬ್ಯಾಂಡ್ ಇತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ನಿಂತುಹೋಯಿತು. ಜಗಳದಿಂದ ನಿಂತದ್ದಲ್ಲ, ಮಕ್ಕಳ ಶಾಲೆ, ಶಿಫ್ಟ್ ಕೆಲಸ ಇವುಗಳಿಂದ. ಆ ಕಾಲದಲ್ಲಿ ಗೋಡೆಯಾಚೆ ನಿಂತವರೂ ಸದ್ದು ಕೇಳಿ ಇದು ಗುಡುಗಣ್ಣನ ಗಿಟಾರು ಎಂದು ಗುರುತಿಸುತ್ತಿದ್ದರು. ಆ ಸದ್ದು ಬರುತ್ತಿದ್ದುದು ಒಂದು ವಾಲ್ವ್ ಆಂಪ್ಲಿಫೈಯರ್ ಮತ್ತು ಅದರ ಕೆಳಗಿಡುವ ಮರದ ಕ್ಯಾಬಿನೆಟ್‌ನಿಂದ. ಕ್ಯಾಬಿನೆಟ್ಟಿನೊಳಗೆ ಹನ್ನೆರಡು ಇಂಚಿನ ನಾಲ್ಕು ಸ್ಪೀಕರ್. ಪೆಟ್ಟಿಗೆ ಮಾಡಿದವನು ನಮ್ಮ ಮನೆ ಕೆಳಗಿನ ಬಡಗಿ. ತಂತಿ ಎಳೆದು ಜೋಡಿಸಿದವನು ನನ್ನ ಭಾವಮೈದುನ, ಅಂದರೆ ಹೆಂಡತಿಯ ತಮ್ಮ. ಅವನಿಗೆ ರೇಡಿಯೊ ರಿಪೇರಿ ಅಂಗಡಿ ಇದೆ, ಎಲ್ಲರೂ ಅವನನ್ನು ಬೆಸುಗೆ ಎನ್ನುತ್ತಾರೆ. ಬ್ಯಾಂಡ್ ನಿಂತ ಮೇಲೆ ನಮ್ಮ ಮನೆಯಲ್ಲಿ ಜಾಗವಿಲ್ಲದೆ ಆ ಎರಡೂ ವಸ್ತು ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿದ್ದವು. ಕೋಣೆಯ ಬೀಗದ ಕೈ ಅವನೊಬ್ಬನ ಬಳಿಯೇ ಇತ್ತು. ಇದನ್ನು ನಿನ್ನೆಯ ದೂರಿನಲ್ಲಿ ಒತ್ತಿ ಬರೆಸಿದ್ದೆ.

ಕಳೆದ ತಿಂಗಳು ನಮ್ಮ ಗಾಯಕ ಮನೆಗೆ ಬಂದು, ಈ ಶನಿವಾರಕ್ಕೆ, ಅಂದರೆ ನಾಳೆಗೆ, ಪುರಭವನದಲ್ಲಿ ಒಂದು ಕಾರ್ಯಕ್ರಮ ಕುದುರಿದೆ ಎಂದೂ, ಬರುವವರೆಲ್ಲ ಹಳಬರು, ಅದೇ ಸದ್ದು ಬೇಕೆಂದು ಹಟ ಹಿಡಿದಿದ್ದಾರೆ ಎಂದೂ ಹೇಳಿದನು. ಅದೇ ಸದ್ದು ಕೊಡದಿದ್ದರೆ ನಾನು ವೇದಿಕೆ ಹತ್ತುವುದಿಲ್ಲ ಎಂದು ನಾನೂ ಹೇಳಿದೆ. ನನಗೆ ಉಳಿದಿರುವ ಹೆಸರು ಅದೊಂದೇ. ಲೇತ್ ಕೆಲಸದಲ್ಲಿ ನನ್ನನ್ನು ಯಾರೂ ಗುಡುಗಣ್ಣ ಎನ್ನುವುದಿಲ್ಲ.

ಮೂರು ವಾರಗಳ ಹಿಂದೆ, ಭಾನುವಾರ ಬೆಳಿಗ್ಗೆ, ಬೆಸುಗೆ ಮತ್ತು ನಾನು ಸೇರಿ ಸಾಮಾನನ್ನು ಅಭ್ಯಾಸಕ್ಕೆಂದು ಕೈಗಾಡಿಯಲ್ಲಿ ಬಡಗಿಯ ಗೋದಾಮಿಗೆ ತಂದೆವು. ಅವನು ಹಳೆಯ ವಾಲ್ವ್‌ಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ಹಾಕಿದ್ದನು. ಕ್ಯಾಬಿನೆಟ್ಟನ್ನು ಅಂದಿನ ಹಾಗೆಯೇ ನೆಲಕ್ಕೆ ತಾಗಿಸಿ, ಗೋಡೆಯಿಂದ ಒಂದು ಮೊಳ ಬಿಟ್ಟು ಇಟ್ಟೆವು. ಬಲಗಡೆ ಕೆಳಗಿನ ಸ್ಪೀಕರ್ ಮುಂದೆ ಎರಡು ಬೆರಳು ಅಂತರದಲ್ಲಿ ಮೈಕ್. ಆಂಪ್ಲಿಫೈಯರ್ ತಿರುಪುಗಳನ್ನು ಎಲ್ಲಿಯವರೆಗೆ ತಿರುಗಿಸಬೇಕು ಎಂಬುದಕ್ಕೆ ಆ ಕಾಲದಲ್ಲಿ ನನ್ನ ಹೆಂಡತಿ ತನ್ನ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟಿದ್ದಳು. ಚುಕ್ಕೆಗಳು ಹಾಗೇ ಇದ್ದವು. ಎಲ್ಲವನ್ನೂ ಚುಕ್ಕೆಗೆ ತಂದು ನಾನು ಮೊದಲ ಪೆಟ್ಟು ಬಾರಿಸಿದೆ.

ಸದ್ದು ಕಂಬಳಿಯೊಳಗಿಂದ ಬಂದ ಹಾಗಿತ್ತು. ಗುಡುಗು ಇತ್ತು, ಮಿಂಚು ಇರಲಿಲ್ಲ. ಗಿಟಾರ್ ತಂತಿಗೆ ಪಿಕ್ ತಾಗುವಾಗ ಬರಬೇಕಾದ ಕಚ್ಚು ಪೂರಾ ಮಾಯ. ಸ್ಪೀಕರ್ ಬದಲಾಗಿವೆ ಎಂದೆ. ಬೆಸುಗೆಯು, "ಯಾರೂ ಮುಟ್ಟಿಲ್ಲ ಭಾವ, ನನ್ನಾಣೆ" ಎಂದನು. ಆದರೆ ಹಾಗೆನ್ನುವ ಮೊದಲು ಅಭ್ಯಾಸಕ್ಕೆ ಬಂದಿದ್ದ ಗಾಯಕನ ಮುಖ ನೋಡಿದನು. ನನಗೆ ಮೊದಲ ಅನುಮಾನ ಬಂದದ್ದು ಆಗ.

ನಾನು ಚೂಪು ಸದ್ದನ್ನು ಏರಿಸುವ ಟ್ರೆಬಲ್ ತಿರುಪನ್ನು ಚುಕ್ಕೆ ದಾಟಿಸಿ ಕೊನೆಯವರೆಗೆ ಏರಿಸಿ ನುಡಿಸಿದೆ. ಮರುದಿನ ಬಂದು ನೋಡಿದರೆ ತಿರುಪು ಮತ್ತೆ ಚುಕ್ಕೆಗೆ ಬಂದಿತ್ತು. ಮತ್ತೆ ಏರಿಸಿದೆ. ಮತ್ತೆ ಇಳಿದಿತ್ತು. ಮೂರನೇ ಸಲ ಬೇಕೆಂದೇ ಬೇಗ ಬಂದು ಗೋದಾಮಿನ ಕಿಟಕಿಯಿಂದ ನೋಡಿದೆ. ಬೆಸುಗೆಯೇ ತಿರುಪನ್ನು ಇಳಿಸುತ್ತಿದ್ದನು. ಪಕ್ಕದಲ್ಲಿ ಡ್ರಮ್ ಬಾರಿಸುವವನು ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದನು. ಒಳಗೆ ಹೋಗಿ ಕೇಳಿದ್ದಕ್ಕೆ ಶೀತ ಎಂದನು. ಅಂಥ ಸೆಕೆಯಲ್ಲಿ ಶೀತ. ಇವರು ನನ್ನ ಕಿವಿಗೆ ಹೂವಿಡಲು ಹೊರಟಿದ್ದಾರೆ ಎಂದು ಖಾತ್ರಿಯಾಯಿತು. ಗಾಯಕನನ್ನು ಕೇಳಿದರೆ ಅವನು, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದು ನಕ್ಕನು. ಆ ಮಾತಿಗೆ ನಾನು ಅವನೊಡನೆ ಎರಡು ದಿನ ಮಾತು ಬಿಟ್ಟೆ.

ಅದೇ ವಾರ ಮನೆಯಲ್ಲೂ ಗುಸುಗುಸು ಶುರುವಾಯಿತು. ನಾನು ಕೈಕಾಲು ತೊಳೆದು ಅಡುಗೆಮನೆಗೆ ಬಂದರೆ ಹೆಂಡತಿ ಮತ್ತು ಬೆಸುಗೆ ತುಟಿ ಅಲ್ಲಾಡಿಸುತ್ತಿದ್ದರು, ಮಾತು ಮಾತ್ರ ನನಗೆ ತಲುಪದಂತೆ. ಏನದು ಗುಟ್ಟು ಎಂದು ಕೇಳಿದೆ. ಹೆಂಡತಿಯು, "ಗುಟ್ಟೇನ್ರೀ, ಬೀದಿಗೆ ಕೇಳೋ ಹಾಗೆ ಮಾತಾಡ್ತಿದೀವಲ್ಲ" ಎಂದಳು. ಇದು ಸುಳ್ಳು ಎಂದು ನಾನು ಆಗ ತಿಳಿದೆ. ಈಚೆಗೆ ಜನರೆಲ್ಲ ಬಾಯೊಳಗೇ ಮಾತಾಡುತ್ತಾರೆ, ಮುಖ ತೋರಿಸಿ ಮಾತಾಡುವ ಮರ್ಯಾದೆ ಯಾರಿಗೂ ಉಳಿದಿಲ್ಲ ಎಂದೂ ಹೇಳಿದೆ. ಅವಳು ಎದ್ದು ಒಲೆಯ ಕಡೆ ತಿರುಗಿಕೊಂಡಳು.

ಸಾಕ್ಷಿ ಬೇಕಿತ್ತು. ನಮ್ಮ ಕೊನೆಯ ಕಾರ್ಯಕ್ರಮವನ್ನು ಅಂದು ಮೈಕಿನಿಂದ ನೇರ ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದರು. ಅಂದಿನಿಂದ ಅದು ಹೆಂಡತಿಯ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಈ ಬುಧವಾರ ಸಂಜೆ ಹೊರತೆಗೆದು ಟೇಪ್ ರೆಕಾರ್ಡರಿಗೆ ಹಾಕಿ ಕೇಳಿದೆ. ಅಸಲಿ ಸದ್ದನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟರೆ ಕಳ್ಳ ಸಿಕ್ಕಿಬೀಳುತ್ತಾನೆ ಎಂಬುದು ನನ್ನ ಲೆಕ್ಕ. ಕ್ಯಾಸೆಟ್ಟಿನಲ್ಲೂ ಅದೇ ಕಂಬಳಿ. ಅದೇ ಮಂಕು. ಡ್ರಮ್ಮಿನ ತಾಳದ ತಟ್ಟೆಗಳ ಸದ್ದು ಇಡೀ ಕಾರ್ಯಕ್ರಮದಲ್ಲಿ ಒಮ್ಮೆಯೂ ಇರಲಿಲ್ಲ. ಆದ್ದರಿಂದ ಕ್ಯಾಸೆಟ್ಟನ್ನೂ ಬದಲಾಯಿಸಲಾಗಿದೆ, ಬೀರುವಿನ ಬೀಗದ ಕೈ ಹೆಂಡತಿಯ ಸೊಂಟದಲ್ಲಿರುವುದರಿಂದ ಅವಳೂ ಇದರಲ್ಲಿ ಶಾಮೀಲು ಎಂದು ತೀರ್ಮಾನಿಸಿದೆ. ಅಂದು ರಾತ್ರಿ ಊಟ ಮಾಡಲಿಲ್ಲ.

ನಿನ್ನೆ ಬೆಳಿಗ್ಗೆ 11 ಗಂಟೆಗೆ ಠಾಣೆಗೆ ಬಂದು ದೂರು ಕೊಟ್ಟೆ. ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್ ಮೇಡಂ ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಕೇಳಬೇಕಾಯಿತು. ಫ್ಯಾನಿನ ಗಲಾಟೆ ಎಂದು ನಾನು ಹೇಳಿದೆ. ಕಳುವಾದ ಮಾಲು ಏನೆಂದು ಬರೆಯಲಿ ಎಂದು ಅವರು ಕೇಳಿದರು. ನಾಲ್ಕು ಸ್ಪೀಕರ್, ಒಂದು ಕ್ಯಾಸೆಟ್ ಎಂದು ಬರೆಸಿದೆ.

ಮಧ್ಯಾಹ್ನ ಬೆಸುಗೆಯನ್ನು ಕರೆಸಿದರು. ಅವನು ಬೆಂಚಿನ ಮೇಲೆ ಕೂತು ದೂರನ್ನು ಪೂರ್ತಿ ಓದಿದನು. ನಂತರ ಮೇಡಂ ಕೇಳುವ ಮೊದಲೇ, ಹೌದು, ಸ್ಪೀಕರ್ ಬದಲಾಯಿಸಿದ್ದು ತಾನೇ, ಕ್ಯಾಸೆಟ್ ಬದಲಾಯಿಸಿದ್ದೂ ತಾನೇ, ಅಕ್ಕನಿಗೆ ಏನೂ ಗೊತ್ತಿಲ್ಲ, ಶನಿವಾರದೊಳಗೆ ಅಸಲಿ ಸ್ಪೀಕರ್ ವಾಪಸ್ ತಂದು ಹಾಕುತ್ತೇನೆ, ಭಾವ ನಿಶ್ಚಿಂತೆಯಿಂದ ನುಡಿಸಲಿ ಎಂದು ಹೇಳಿದನು. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಅವನ ಮುಖಕ್ಕೇ ಹೇಳಿದೆ. ಮೂವತ್ತು ವರ್ಷ ನನ್ನ ಮನೆಯಲ್ಲಿ ಉಂಡವನಿಗೆ ಇನ್ನೂ ಕೆಲವು ಮಾತು ಹೇಳಿದೆ, ಅವನ್ನು ಇಲ್ಲಿ ಬರೆಸಲು ನಾಚಿಕೆಯಾಗುತ್ತದೆ. ಅವನು ತಲೆಯೆತ್ತಲಿಲ್ಲ.

ಮೇಡಂ ಅಷ್ಟಕ್ಕೆ ಬಿಡಲಿಲ್ಲ. ಒಪ್ಪಿಕೊಂಡರೆ ಸಾಲದು, ಮಾಲು ನೋಡಬೇಕು ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಸುಮಾರು 300 ಮೀಟರ್ ದೂರದ ಗೋದಾಮಿಗೆ ನಡೆದರು. ಬಡಗಿಯ ಸಮಕ್ಷಮದಲ್ಲಿ ಕ್ಯಾಬಿನೆಟ್ಟಿನ ಹಿಂದಿನ ಹಲಗೆ ಬಿಚ್ಚಿಸಿದರು. ಒಳಗೆ ನಾಲ್ಕು ಸ್ಪೀಕರ್ ಇದ್ದವು. ನಾಲ್ಕರ ಕಬ್ಬಿಣದ ಚೌಕಟ್ಟಿನ ಮೇಲೂ ನಾನು ಲೇತ್ ಅಂಗಡಿಯ ಅಂಕಿ ಅಚ್ಚಿನಿಂದ ಕುಟ್ಟಿದ ಒಂದು, ಎರಡು, ಮೂರು, ನಾಲ್ಕು. ಮೂರು ಮಾತ್ರ ಸೊಟ್ಟಗಿತ್ತು. ಅದನ್ನು ಕುಟ್ಟುವಾಗ ಆಗ ಪುಟ್ಟವಳಿದ್ದ ಮಗಳು ನನ್ನ ಮೊಣಕೈಗೆ ಜೋತುಬಿದ್ದಿದ್ದಳು. ನಾಲ್ಕನೆಯದರ ಕಾಗದ ಹರಿದಿದ್ದ ಜಾಗಕ್ಕೆ ಹಚ್ಚಿದ ಹೆಂಡತಿಯ ಉಗುರುಬಣ್ಣವೂ ಹಾಗೇ ಇತ್ತು. ಸ್ಪೀಕರ್ ನನ್ನವೇ. ಒಂದೂ ಬದಲಾಗಿರಲಿಲ್ಲ.

ಇಲ್ಲೇ ಇರುವುದನ್ನು ಕದ್ದೆ ಎಂದು ಯಾಕೆ ಒಪ್ಪಿಕೊಂಡೆ ಎಂದು ಮೇಡಂ ಬೆಸುಗೆಯನ್ನು ಗದರಿದರು. ಅವನು ಬಿಚ್ಚಿದ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿದನು. ಇವರೆಲ್ಲ ಸೇರಿ ಇನ್ನೂ ದೊಡ್ಡದೇನೋ ಮಾಡಿದ್ದಾರೆ ಎಂದು ನಾನು ಯೋಚಿಸುತ್ತಾ ನಿಂತಿದ್ದೆ. ಆಗ ಬೆಸುಗೆ, ಬಡಗಿ, ಮೇಡಂ ಮೂವರೂ ಒಮ್ಮೆಗೇ ಮೇಡಂ ಅವರ ಕೈಗಡಿಯಾರ ನೋಡಿದರು. ಏನಾಯಿತು ಎಂದು ನಾನು ಕೇಳಿದೆ. ಬಡಗಿಯು ಬಾಗಿಲ ಕಡೆ ನೋಡಿದನು.

ಮೇಡಂ ಗಡಿಯಾರವನ್ನು ಬಿಚ್ಚಿ, ನಾಲ್ಕು ಗಂಟೆಯ ಅಲಾರಂ ಎಂದು ಹೇಳಿ, ಮೊದಲು ನನ್ನ ಎಡಗಿವಿಯ ಬಳಿ, ಆಮೇಲೆ ಬಲಗಿವಿಯ ಬಳಿ ಹಿಡಿದರು. ಗಡಿಯಾರ ತಣ್ಣಗೆ ಕೆನ್ನೆಗೆ ತಾಗಿತು. ಬೇರೇನೂ ಇರಲಿಲ್ಲ. ಅದು ಇನ್ನೂ ಕೂಗುತ್ತಿದೆಯೇ ಎಂದು ಕೇಳಿದೆ. ಬೆಸುಗೆಯು ಹೌದೆಂದು ತಲೆಯಾಡಿಸಿದನು. ಅವನ ಕಣ್ಣಲ್ಲಿ ನೀರಿತ್ತು.

ಆಮೇಲೆ ಅವನು ನನ್ನ ಎದುರು ಬಂದು, ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದನು. ಚೂಪಾದ ಸದ್ದು ನನ್ನ ಕಿವಿಗೆ ಬೀಳುವುದಿಲ್ಲವೆಂದು ಎರಡು ವರ್ಷದಿಂದ ಅಕ್ಕನಿಗೂ ತನಗೂ ಗೊತ್ತು. ನಾನು ಟ್ರೆಬಲ್ ಏರಿಸಿದಾಗ ಗೋದಾಮಿನಲ್ಲಿ ಯಾರಿಗೂ ನಿಲ್ಲಲಾಗುತ್ತಿರಲಿಲ್ಲ, ಡ್ರಮ್ಮಿನವನ ಹತ್ತಿ ಅದಕ್ಕೇ. ಚುಕ್ಕೆಯಲ್ಲಿಟ್ಟರೆ ಸದ್ದು ಕ್ಯಾಸೆಟ್ಟಿನಲ್ಲಿದ್ದುದೇ, ಕೂದಲೆಳೆಯಷ್ಟೂ ಫರಕಿಲ್ಲ. "ಸ್ಪೀಕರ್ ಕಳುವಾದವು ಅಂದ್ಕೊಂಡ್ರೆ ಅವನ್ನೇ ಬಿಚ್ಚಿ ಹಾಕಿ, ಅಸಲಿ ಬಂದವು ಅಂತಿದ್ದೆ ಭಾವ. ನೀವು ನಂಬಿ ನುಡಿಸ್ತಿದ್ರಿ. ಕಳ್ಳ ಅನ್ನಿಸಿಕೊಂಡ್ರೆ ನಾಳೆ ಕಾಲಿಗೆ ಬಿದ್ದು ಸರಿ ಮಾಡ್ಕೋಬಹುದು. ಕಿವಿ ಹೋಗಿದೆ ಅಂತ ಗೊತ್ತಾದ್ರೆ ನೀವು ಗಿಟಾರ್ ಮುಟ್ಟೋರಲ್ಲ" ಎಂದನು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಬೇರೆಯವರನ್ನು ಹಂಗಿಸುತ್ತಿದ್ದವನು ನಾನು. ಗೋದಾಮಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಸಂಜೆ ಮನೆಗೆ ಹೋದಾಗ ಹೆಂಡತಿ ತಟ್ಟೆ ಹಾಕಿ, ನನ್ನ ಎದುರಿಗೆ ಮುಖ ಕಾಣುವಂತೆ ಕೂತು ಮಾತಾಡಿದಳು. ಅವಳ ಮಾತೆಲ್ಲ ಅರ್ಥವಾಯಿತು.

ಆದ್ದರಿಂದ ಬರೆಸುವುದೇನೆಂದರೆ, ಸ್ಪೀಕರ್‌ಗಳು ನನ್ನವೇ, ಇದ್ದಲ್ಲೇ ಇವೆ. ಕ್ಯಾಸೆಟ್ ಅಸಲಿ. ನಿನ್ನೆಯ ದೂರನ್ನು ಹಿಂದಕ್ಕೆ ಪಡೆಯುತ್ತೇನೆ. ಬೆಸುಗೆಯು ಒಪ್ಪಿಕೊಂಡ ಕಳ್ಳತನ ನಡೆದೇ ಇಲ್ಲವಾದ್ದರಿಂದ ಅವನ ಹೆಸರನ್ನು ಕಳ್ಳನೆಂದು ಠಾಣೆಯ ಯಾವ ಕಾಗದದಲ್ಲೂ ಉಳಿಸಬಾರದು. ಹೆಂಡತಿಯ ಮೇಲೆ ಅನುಮಾನಪಟ್ಟದ್ದು ತಪ್ಪು. ನಾಳೆ ಸಂಜೆ 6 ಗಂಟೆಗೆ ಪುರಭವನದಲ್ಲಿ ನಾನು ನುಡಿಸುತ್ತೇನೆ. ತಿರುಪುಗಳು ಚುಕ್ಕೆಯಲ್ಲಿರುತ್ತವೆ, ಆಂಪ್ಲಿಫೈಯರ್ ಪಕ್ಕದಲ್ಲಿ ಬೆಸುಗೆ ನಿಂತಿರುತ್ತಾನೆ, ಸದ್ದು ಸರಿಯಿದೆಯೇ ಎಂದು ನಾನು ಅವನ ಮುಖ ನೋಡಿ ತಿಳಿಯುತ್ತೇನೆ.

ಇದರಲ್ಲಿ ಬರೆಸಿದ್ದೆಲ್ಲ ನಡೆದದ್ದೇ. ಮೇಡಂ ನಿಯಮದ ಪ್ರಕಾರ ಹೇಳಿಕೆಯನ್ನು ನನಗೆ ಓದಿ ಹೇಳಲು ಶುರು ಮಾಡಿದರು. ನಾನು ತಡೆದು ಕಾಗದವನ್ನು ನನ್ನ ಕಡೆ ತಿರುಗಿಸಿಕೊಂಡೆ. ಕೊನೆಯಲ್ಲಿ "ಓದಿ ಹೇಳಿದ್ದನ್ನು ಕೇಳಿದ್ದೇನೆ, ಸರಿಯಿದೆ" ಎಂದಿದ್ದ ಸಾಲಿನಲ್ಲಿ "ಓದಿ ಹೇಳಿದ್ದನ್ನು ಕೇಳಿದ್ದೇನೆ" ಎಂಬುದನ್ನು ನನ್ನ ಕೈಯಾರೆ ಹೊಡೆದು, "ನಾನೇ ಓದಿಕೊಂಡಿದ್ದೇನೆ" ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನ: ಶುಕ್ರವಾರ, ಬೆಳಿಗ್ಗೆ 10.30

ಹೇಳಿಕೆ ಕೊಟ್ಟವನ ಸಹಿ: (ಸಹಿ ಇದೆ)
ಸಾಕ್ಷಿಯ ಸಹಿ: (ಸಹಿ ಇದೆ), ಹೇಳಿಕೆ ಕೊಟ್ಟವನ ಭಾವಮೈದುನ