ಬಣ್ಣ ಏರುವ ಬುಗುರಿ

ಸುಹೇಲ್‌ಗೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದು ಪಾಸಾಗಿರಲಿಲ್ಲ. ಅದಾಗದೆ ಬಿಡದಿ ಫ್ಯಾಕ್ಟರಿಯ ಕೆಲಸ ಸಿಗುವಂತಿರಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯ ಜಯಕುಮಾರ ಅವನಿಗೆ ಪ್ರಶ್ನೆ ಹಾಕುತ್ತಿದ್ದ. ಅವರ ಬೀದಿಯ ಸಿದ್ದಮ್ಮ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದಳು.

“‘ರೆಡ್ ಟಾಪ್’, ಕೆಂಪು ಬುಗುರಿ. ರೆಡ್ ಏನ್ಲಾ?”

“ಅಡ್ಜೆಕ್ಟಿವ್. ಲೇತ್ ಮೇಲೆ ತಿರುಗೋವಾಗ ಒಸಿ ಬಣ್ಣದ ಅರಗು ಒತ್ತಿದ್ರೆ ಇನ್ನೂ ಕೆಂಪಾಯ್ತದೆ.”

“‘ಮೈ ಟಾಪ್’, ನನ್ನ ಬುಗುರಿ. ಮೈ ಏನ್ಲಾ?”

“ಡಿಟರ್ಮಿನರ್. ಎಷ್ಟು ಒತ್ತಿದ್ರೂ ನಂದು ಇನ್ನೂ ಜಾಸ್ತಿ ನಂದಾಗಕಿಲ್ಲ.”

“ಪಾಸು ಕಣ್ಲಾ! ಸಂಜೆ ನಿಮ್ಮ ಲೇತಲ್ಲಿ ನಂಗೊಂದು ಬುಗುರಿ ಮಾಡ್ಕೊಡು.”

“ಲೇತ್ ಎಲ್ಲೈತ್ಲಾ? ನಿನ್ನೆ ಅಬ್ಬಾ ಮಾರ್ಬುಟ್ರು.”

ಸುಹೇಲನ ಬೆರಳುಗಳು ನಿದ್ದೆಯಲ್ಲಿರುವವನ ಬೆರಳಿನಂತೆ ಇಲ್ಲದ ಬುಗುರಿಯೊಂದನ್ನು ಮೆಲ್ಲಗೆ ತಿರುಗಿಸುತ್ತಿದ್ದವು. ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು.

ಸಿದ್ದಮ್ಮ ಲೆಕ್ಕ ಹಾಕಿದಳು. ಆ ವರ್ಷ ಬೀದಿಯಿಂದ ಹೋದ ಲೇತ್‌ಗಳು ಇದೂ ಸೇರಿ ಐದು.