ಮೂರನೆಯ ಸೀಸೆ

...ಅಲ್ಲಕ್ಕಾ, ವಾರ್ಡಿನ ಬಾಗಿಲು ಕಾಯ್ತಾ ನಿಂತ್ರೆ ಭಾವನ ಕೆಮ್ಮು ನಿಲ್ಲತ್ತಾ? ಬಾ, ಈ ಬೆಂಚಿನ ಮೇಲೆ ಕೂತ್ಕೋ. ಕೆಮ್ಮಿನಲ್ಲಿ ಬರ್ತಿದ್ದ ರಕ್ತ ನಿಂತಿದೆ ಅಂತ ನರ್ಸಮ್ಮನೇ ಹೇಳಿದ್ರಲ್ಲ... ಈಗ ನಿಂತಿದೆ. ಸದ್ಯಕ್ಕೆ.

ಡಾಕ್ಟರು ಹೇಳಿದ್ದು ತಿಳೀಲಿಲ್ವಾ? ಬಿಡಿಸಿ ಹೇಳ್ತೀನಿ, ಕೇಳು. ಭಾವನ ಶ್ವಾಸಕೋಶದಲ್ಲಿ ಮೂರು ವರ್ಷದಿಂದ ಬೀಡುಬಿಟ್ಟಿರೋ ಆ ಕ್ರಿಮಿ ಕ್ಷಯವಲ್ಲ, ಕ್ಷಯದ ದಾಯಾದಿ. ಅದು ತಿಂದೂ ತಿಂದೂ ಒಂದು ಪೊಟರೆ ಮಾಡಿದೆ. ಪೊಟರೆ ಖಾಲಿ ಇದ್ರೆ ಯಾರಾದ್ರೂ ಬಂದು ಸೇರ್ಕೊಳ್ದೇ ಇರ್ತಾರಾ? ಬೂಷ್ಟು ಸೇರ್ಕೊಂಡಿದೆ. ಹೂಂ, ಹಳೇ ಬ್ರೆಡ್ಡಿನ ಮೇಲೆ ಬರತ್ತಲ್ಲ, ಅದರ ಬಳಗವೇ. ಉಂಡೆ ಕಟ್ಟಿದೆ. ಭಾವ ಮಗ್ಗುಲು ಬದಲಿಸಿದ್ರೆ ಒಳಗೆ ಅದೂ ಉರುಳತ್ತೆ... ಅಯ್ಯೋ, ಹಾಗೆ ನೋಡ್ಬೇಡ!

ಹೌದು, ಕಫ ಪರೀಕ್ಷೆ ಮಾಡೋನು ನಾನೇ. ಇಲ್ಲ ಅಂದ್ನಾ? 'ಲ್ಯಾಬಿನಲ್ಲಿ ನನ್ನ ತಮ್ಮನೇ ಇದಾನೆ, ನಮಗೇನು ಭಯ' ಅಂತ ನೀನೇ ಊರಿಗೆಲ್ಲ ಡಂಗುರ ಸಾರಿದ್ದೆ.

ನಮ್ಮ ಕೆಲಸದ ಕಷ್ಟ ನಿನಗೇನು ಗೊತ್ತು! ಕಫ ತೊಳೆದು, ಬೇರೆ ಕ್ರಿಮಿಗಳನ್ನೆಲ್ಲ ಸಾಯಿಸಿ, ಆ ಕ್ರಿಮಿಯೊಂದೇ ಬೆಳೀಲಿ ಅಂತ ಸೀಸೆಯಲ್ಲಿಟ್ಟು ಆರೆಂಟು ವಾರ ಕಾಯ್ಬೇಕು. ಅಷ್ಟರಲ್ಲಿ ಬೂಷ್ಟು ಬಂತೋ, ಮಾನ ಹೋಯ್ತು! ಕೆಲಸದವನ ಕೈ ಕೊಳಕು ಅಂತ ಅರ್ಥ. 'ಏನಯ್ಯಾ, ಸೀಸೆಯಲ್ಲಿ ತೋಟ ಹಾಕಿದ್ದೀಯಾ?' ಅಂತ ನಮ್ಮ ಮೇಲಿನವರು ಹತ್ತು ಜನರ ಮುಂದೆ ಕೇಳ್ತಾರೆ. ಅದಕ್ಕೇ ಎಸೆದುಬಿಡ್ತೀವಿ. 'ಮಾದರಿ ಕೆಟ್ಟಿದೆ, ಮತ್ತೆ ಕಳಿಸಿ' ಅಂತ ಬರೀತೀವಿ. ಎಲ್ಲರೂ ಮಾಡೋದೇ!

ಯಾಕೆ ನಗ್ತೀಯಾ? ನಗೋ ಮಾತಾ ಇದು?... ಓ. ನಗು ಅಲ್ಲ ಅದು. ತಗೋ, ಕಣ್ಣೊರೆಸ್ಕೋ.

ಮೂರು ಸಲ ಕಳಿಸಿದ್ರಿ, ನೆನಪಿದೆ. 'ನನ್ನ ಕಫ ಎಷ್ಟು ಕೊಟ್ರೂ ನಿನ್ನ ತಮ್ಮನ ಹೊಟ್ಟೆ ತುಂಬಲ್ಲ ಕಣೇ' ಅಂತ ಭಾವ ತಮಾಷೆ ಮಾಡಿದ್ರಲ್ಲ. ಮೊದಲನೇ ಸಲ ಬೂಷ್ಟು ಕಂಡಾಗ ನನ್ನ ಕೈತಪ್ಪು ಅಂದ್ಕೊಂಡೆ. ನಿನ್ನಾಣೆ! ಎರಡನೇ ಸಲವೂ ಹಾಗೇ. ಮೂರನೇದು... ಅದೂ ಹಾಗೇ.

ಡಾಕ್ಟರಿಗೆ ಏನಂದೆ ಅಂತಾ? 'ಮೊದಲು ಯಾವತ್ತಾದ್ರೂ ಬೂಷ್ಟು ಕಂಡಿತ್ತಾ, ಎಷ್ಟು ದಿನದಿಂದ ಬೆಳೀತಿದೆ ಅಂತ ಗೊತ್ತಾದ್ರೆ ಆಪರೇಷನ್ನೋ ಮಾತ್ರೆಯೋ ತೀರ್ಮಾನ ಮಾಡ್ತೀನಿ' ಅಂದ್ರು. ಇಲ್ಲ ಅಂದೆ. ಮತ್ತೇನನ್ನಲಿ? ಹದಿನಾಲ್ಕು ವರ್ಷದ ನೌಕರಿ ಅಕ್ಕಾ...

ಏನಾದ್ರೂ ಅನ್ನು. ಬೈಯಿ. ಚಿಕ್ಕಂದಿನಲ್ಲಿ ಹೊಡೀತಿದ್ದೆಯಲ್ಲ, ಹಾಗೆ ಎರಡು ಬಾರಿಸು. 'ಮೂರನೇದೂ ಹಾಗೇ' ಅಂದಾಗ ಯಾಕೆ ತಟ್ಟನೆ ತಲೆ ಎತ್ತಿದೆ? ಹೇಳು! ನಂಬ್ಲಿಲ್ವಾ?

ಅಕ್ಕಾ... ಕೈ ಬಿಡಿಸ್ಕೋಬೇಡ. ಹೇಳ್ತೀನಿ.

ಆ ಸಲ ಎಲ್ಲಾ ಎಚ್ಚರ ಮಾಡಿದ್ದೆ. ಅದೇ ದಿನ, ಅದೇ ಕೈಯಲ್ಲಿ ಹನ್ನೆರಡು ಜನರ ಕಫ ಹಾಕಿದ್ದೆ. ಹನ್ನೊಂದು ಸೀಸೆ ಶುಭ್ರವಾಗಿದ್ವು. ಭಾವಂದೊಂದು ಮಾತ್ರ ಬೂದಿ ಬಣ್ಣದ ಉಣ್ಣೆ ಹೊದ್ದಹಾಗೆ ಕೂತಿತ್ತು. ಬೂಷ್ಟು ನನ್ನ ಕೈಯದಲ್ಲ, ಭಾವನ ಎದೆಯದೇ ಅಂತ ಅಲ್ಲೇ ಗೊತ್ತಾಯ್ತು. ರಿಪೋರ್ಟಿನಲ್ಲಿ ಹಾಗೇ ಬರೆದಿದ್ರೆ ನಾನು ಎಸೆದ ಹಿಂದಿನ ಎರಡರ ವಿಷಯವೂ ಹೊರಗೆ ಬರ್ತಿತ್ತು.

ಐದು ತಿಂಗಳಾಯ್ತು, ಅಕ್ಕಾ. ಗೊತ್ತಿದ್ದೇ ಎಸೆದೆ.